ಟಾವೆಲ್ಲಿನ ಕೆಳಗೆ ಕೇಳಿದ ಮಾತು

ಮುಧೋಳ
೯ ಮಾರ್ಚ್ ೨೦೨೫

ಅಕ್ಕಾ,

ಪತ್ರದ ಮೊದಲಿಗೆ ‘ನಾವೆಲ್ಲರೂ ಕ್ಷೇಮ’ ಎಂದು ಬರೆಯಬೇಕೆಂದು ಶಾಲೆಯಲ್ಲಿ ಕಲಿಸಿದ್ದರು. ನಾನು ಬರೆಯಲಾರೆ. ಅಪ್ಪನಿಗೆ ನೆಗಡಿ, ಅವ್ವನಿಗೆ ನಿನ್ನ ಚಿಂತೆ, ನನ್ನನ್ನು ಜಮಖಂಡಿಯ ಮೊಬೈಲ್ ಅಂಗಡಿಯಿಂದ ತೆಗೆದುಹಾಕಿದ್ದಾರೆ. ಗಿರಾಕಿಯೊಬ್ಬ, “ಇದು ಹೊಸಾದ ಹೌದಿಲ್ಲೋ?” ಎಂದು ಕೇಳಿದ. “ಅಲ್ರಿ, ಬಿಚ್ಚಿ ರಿಪೇರಿ ಮಾಡಿದ್ದೈತಿ” ಎಂದೆ. ಮಾಲಕರು ಹಿಂದೆಯೇ ನಿಂತಿದ್ದರು. ಬನಹಟ್ಟಿಯ ಮಗ್ಗ ಆಯಿತು, ಹಿಪ್ಪರಗಿಯಲ್ಲಿ ಕಬ್ಬಿನ ಟ್ರ್ಯಾಕ್ಟರ್ ಆಯಿತು, ಈಗ ಇದೂ ಆಯಿತು. ಒಂಬತ್ತನೇ ತರಗತಿಯಲ್ಲಿ ಶಾಲೆ ಬಿಟ್ಟ ಮೇಲೆ ನನ್ನ ಕಾಲು ಒಂದು ಕಡೆ ನಿಂತದ್ದಿಲ್ಲ, ಬಾಯಿಯೂ ನಿಂತದ್ದಿಲ್ಲ.

ಫೋನ್ ಬಿಟ್ಟು ಪತ್ರ ಯಾಕೆ ಎನ್ನುತ್ತೀಯ. ಧಾರವಾಡದಿಂದ ನಿನ್ನ ಫೋನ್ ಬಂತೆಂದರೆ ಅವ್ವ ಸ್ಪೀಕರ್ ಹಾಕಿ ನಡುಮನೆಯಲ್ಲಿ ಇಡುತ್ತಾಳೆ, ಓಣಿಯ ಅರ್ಧ ಜನ ಕೇಳುತ್ತಾರೆ. ವಾಟ್ಸಾಪಿನಲ್ಲಿ ಬರೆದರೆ ನೀನು ಒಂದು ಹೆಬ್ಬೆರಳು ಕಳಿಸಿ ಮುಗಿಸುತ್ತೀಯ. ಪತ್ರಕ್ಕೆ ಹೆಬ್ಬೆರಳು ಕಳಿಸಲು ಬರುವುದಿಲ್ಲ.

ಸದ್ಯ ಅಪ್ಪನ ಜೊತೆ ದನದ ಸಂತೆಗೆ ಹೋಗುತ್ತಿದ್ದೇನೆ. ಅಪ್ಪ ದಲ್ಲಾಳಿ ಎಂದು ಹುಟ್ಟಿದಾಗಿನಿಂದ ಗೊತ್ತು, ಆದರೆ ಮಗ್ಗುಲಲ್ಲಿ ನಿಂತು ನೋಡಿದ್ದು ಇದೇ ಮೊದಲು. ಹೆಗಲ ಮೇಲಿನ ಟಾವೆಲ್ ತೆಗೆದು ಎತ್ತು ಮಾರುವವನ ಕೈಯ ಮೇಲೆ ಹಾಕುತ್ತಾನೆ. ಒಳಗೆ ಬೆರಳು ಹಿಡಿದು ದರ ಕೇಳುತ್ತಾನೆ. ಆಮೇಲೆ ಕೊಳ್ಳುವವನ ಕೈ. ಸುತ್ತ ನೂರು ಜನ ನಿಂತರೂ ಯಾರಿಗೂ ತಿಳಿಯುವುದಿಲ್ಲ. ಮುರಿದ ವ್ಯಾಪಾರದ ದರವನ್ನೂ ಅಪ್ಪ ಹೊರಗೆ ಆಡುವುದಿಲ್ಲ, ಮನೆಯಲ್ಲಿ ಅವ್ವನಿಗೂ ಹೇಳುವುದಿಲ್ಲ. ಅದಕ್ಕೇ ಬೀಳಗಿ ಕಡೆಯವರೂ ಅವನನ್ನು ಹುಡುಕಿಕೊಂಡು ಬರುತ್ತಾರೆ. ನನಗೆ ಮಾತ್ರ ಒಂದೇ ಅಪ್ಪಣೆ: “ಬಾಯಿ ಮುಚ್ಚಿ ನಿಂದರು.” ಯಾಕೆಂದರೆ ಎತ್ತಿನ ವಯಸ್ಸು ಎಷ್ಟೆಂದು ಯಾರಾದರೂ ಕೇಳಿದರೆ ನಾನು ಹೇಳಿಬಿಡುತ್ತೇನೆ.

ಅನಗವಾಡಿಯ ಕಾಮಣ್ಣ ಕಾಕಾ ಮೊನ್ನೆ ಅಪ್ಪನನ್ನು ಕೇಳಿದ, “ಮಗಳು ಏನ ಕಲಿಯಾಕತ್ತಾಳ?”

“ದರದ ಲೆಕ್ಕ.”

“ಅದಕ್ಕ ಧಾರವಾಡ ಯಾಕಪಾ? ಇಲ್ಲೇ ನಿನ್ನ ಬಾಜೂಕ ಕುಂದ್ರಸಬೇಕಿತ್ತು.”

ಎಲ್ಲರೂ ನಕ್ಕರು. ಅಪ್ಪನೂ ನಕ್ಕ, ಆದರೆ ಹೆಮ್ಮೆಯಿಂದ.

ಈಗ ನಿನಗೆ ಎರಡು ಕಡೆ ಎಂಎಸ್ಸಿಗೆ ಸೀಟು ಸಿಕ್ಕಿದೆ, ಪುಣೆ ಮತ್ತು ಚೆನ್ನೈ. ಪುಣೆಯಿಂದ ನಂದಾ ಅತ್ತೆ ದಿನಾ ಫೋನ್ ಮಾಡಿ ಅಪ್ಪನ ತಲೆ ತಿನ್ನುತ್ತಿದ್ದಾಳೆ, ನೀನು ಅವಳ ಮನೆಯಲ್ಲೇ ಇರಬೇಕಂತೆ. ಅವಳ ಮಗ ಕಲ್ಮೇಶನ ಹೆಸರು ಪ್ರತಿ ಮಾತಿನಲ್ಲೂ ಒಮ್ಮೆ ಬರುತ್ತದೆ. ಅಪ್ಪ ಚೆನ್ನೈಗೆ ಇನ್ನೂ ಮದ್ರಾಸ ಎನ್ನುತ್ತಾನೆ, ಅದು ಪರದೇಶ ಎನ್ನುವ ಹಾಗೆ. ನಿನಗೆ ಯಾವುದು ಬೇಕು? ನೇರವಾಗಿ ಬರೆ.

ನಿನ್ನ ತಮ್ಮ,
ದುಂಡೇಶ


ಧಾರವಾಡ
೧೭ ಮಾರ್ಚ್ ೨೦೨೫

ದುಂಡೇಶಾ,

ನಿನ್ನ ಪತ್ರ ಹಾಸ್ಟೆಲಿನಲ್ಲಿ ಕೈಯಿಂದ ಕೈಗೆ ಹೋಗಿ ನನಗೆ ತಲುಪಿತು. ಈ ಕಾಲದಲ್ಲಿ ಪತ್ರ ಬಂದದ್ದಕ್ಕೆ ಎಲ್ಲರೂ ಏನೇನೋ ಊಹೆ ಮಾಡಿದರು. ತಮ್ಮನದು ಎಂದಾಗ ಬೇಜಾರಾದರು.

ಓದಬೇಕೆಂದಿರುವುದಕ್ಕೆ ಕ್ವಾಂಟಿಟೇಟಿವ್ ಫೈನಾನ್ಸ್ ಎನ್ನುತ್ತಾರೆ. ನಾಳೆ ಪೇಟೆಯಲ್ಲಿ ದರ ಎಷ್ಟಾಗುತ್ತದೆ ಎಂದು ಯಾರಿಗೂ ಗೊತ್ತಿಲ್ಲ. ಗೊತ್ತಿಲ್ಲದ್ದು ಎಷ್ಟು ದೊಡ್ಡದು ಎಂದು ಅಳೆಯುವುದನ್ನು ಕಲಿಸುತ್ತಾರೆ. ಪುಣೆಯದು ಒಂದು ವರ್ಷ. ಅಲ್ಲಿ ಪೇಟೆಯ ಆ ಹೊತ್ತಿನ ದರಗಳನ್ನೇ ಎದುರಿಗಿಟ್ಟುಕೊಂಡು ಕೆಲಸ ಮಾಡಿಸುತ್ತಾರೆ, ಕೊನೆಗೆ ಕಂಪನಿಯೊಂದರಲ್ಲಿ ಕೂರಿಸುತ್ತಾರೆ. ಚೆನ್ನೈಯದು ಎರಡು ವರ್ಷ. ಅಲ್ಲಿ ಗಣಿತವೇ ಗಣಿತ. ಮುಗಿಸಿದವರು ಹೆಚ್ಚಾಗಿ ಸಂಶೋಧನೆಗೆ ಹೋಗುತ್ತಾರೆ. ನಮ್ಮ ಮೇಡಂ ಚೆನ್ನೈಯವರಿಗೆ ನನ್ನ ಬಗ್ಗೆ ಉದ್ದದ ಶಿಫಾರಸು ಬರೆದಿದ್ದಾರೆ. ನಮ್ಮ ವಿಭಾಗದಿಂದ ಅಲ್ಲಿಗೆ ಈವರೆಗೆ ಯಾರೂ ಹೋಗಿಲ್ಲ. ಎರಡೂ ಕಡೆ ಮೇ ತಿಂಗಳ ಕೊನೆಯೊಳಗೆ ಉತ್ತರ ಕೊಡಬೇಕು.

ಯಾವುದು ಬೇಕೆಂದು ನಿನಗೆ ಹೇಳುವುದಿಲ್ಲ. ಸಿಟ್ಟಾಗಬೇಡ. ಅಪ್ಪ ಕೇಳಿದರೆ ನೀನು ಹೇಳುತ್ತೀಯ, ಅತ್ತೆ ಕೇಳಿದರೂ ಹೇಳುತ್ತೀಯ, ಸಂತೆಯಲ್ಲಿ ಕಾಮಣ್ಣ ಕಾಕಾ ಕೇಳಿದರೂ ಹೇಳುತ್ತೀಯ. ಯುಗಾದಿಗೆ ಬರುತ್ತೇನೆ. ಅಪ್ಪನಿಗೆ ನಾನೇ ಹೇಳುತ್ತೇನೆ.

ಅವ್ವನಿಗೆ ಚಿಂತೆ ಮಾಡಬೇಡ ಅನ್ನು.

ವಂದನಾ


ಮುಧೋಳ
೩ ಏಪ್ರಿಲ್ ೨೦೨೫

ಅಕ್ಕಾ,

ನೀನು ಹೇಳಲಿಲ್ಲ. ಹಬ್ಬದ ದಿನವಿಡೀ ಕಾದೆ. ಅತ್ತೆಯೂ ಪುಣೆಯಿಂದ ಬಂದು ಕುಳಿತಿದ್ದಳು. ಊಟವಾದ ಮೇಲೆ ಎಲ್ಲರೂ ಪಡಸಾಲೆಯಲ್ಲಿ ಕೂತಾಗ ಅವಳೇ ಶುರು ಮಾಡಿದಳು.

“ಮದ್ರಾಸಿನ್ಯಾಗ ಈಕಿಗೆ ರೊಟ್ಟಿ ಯಾರ ಬಡದ ಕೊಡ್ತಾರ? ಮುಂಜಾನೆ ಇಡ್ಲಿ, ಸಂಜಿಕ ಇಡ್ಲಿ. ಪುಣಾದಾಗ ನಮ್ಮ ಮನಿ ಐತಿ. ನಮ್ಮ ಕಲ್ಮೇಶ ದಿನಾ ಗಾಡಿ ಮ್ಯಾಲ ಬಿಟ್ಟ ಬರ್ತಾನ.”

“ಹುಡುಗಿನ್ನ ಕೇಳೂಣಲ್ಲ,” ಎಂದಳು ಅವ್ವ.

“ಹುಡುಗಿಗೇನ ಗೊತ್ತಾಗ್ತದ ವೈನಿ?”

ನೀನು ತಟ್ಟೆಯಲ್ಲಿ ಉಳಿದ ಹೋಳಿಗೆಯನ್ನು ಚೂರು ಚೂರು ಮಾಡುತ್ತ ಕೂತಿದ್ದೆ. ಆಗ ಅಪ್ಪ ನಿನ್ನ ಎದುರಿಗೆ ಸರಿದು ಕೂತ, ಹೆಗಲ ಮೇಲಿನ ಟಾವೆಲ್ ತೆಗೆದ.

“ಎಲ್ಲಾರೂ ಸುಮ್ಮ ಕುಂದರ್ರಿ. ಹತ್ತು ಮಂದಿ ಒದರಿದ್ರ ವ್ಯಾಪಾರ ಆಗೂದಿಲ್ಲ. ಯವ್ವಾ, ಕೈ ಕೊಡು. ಒಂದು ಬೆರಳು ಹಿಡದ್ರ ಪುಣೆ. ಎರಡು ಹಿಡದ್ರ ಮದ್ರಾಸ. ಯಾರಿಗೂ ಕಾಣೂದಿಲ್ಲ.”

ಅತ್ತೆ ನಕ್ಕಳು. “ಏನ ಅಣ್ಣಾ, ಮಗಳನ್ನ ಎತ್ತು ಮಾಡಿದ್ಯಲ್ಲೊ!”

“ಎತ್ತಿನ ಕೈ ಹಿಡಿಯೂದಿಲ್ಲ ನಂದಾ. ಮನಷ್ಯಾರ ಕೈ ಹಿಡೀತೇವಿ.”

ನೀನು ಟಾವೆಲ್ಲಿನ ಕೆಳಗೆ ಕೈ ಹಾಕಿದೆ. ತಲೆ ತಗ್ಗಿಸಿ ಅಪ್ಪನ ಹೆಗಲಿಗೆ ಆನಿಸಿದೆ. ಅಳುತ್ತೀಯ ಎಂದುಕೊಂಡೆ. ಅಪ್ಪ ಕಣ್ಣು ಮುಚ್ಚಿ ಕೂತ. ಆಮೇಲೆ ಟಾವೆಲ್ ಮಡಚಿ ಹೆಗಲಿಗೆ ಹಾಕಿಕೊಂಡು, “ಪುಣೆ. ನಾ ಠರಾಯಿಸೇನಿ” ಎಂದ.

“ಆಕಿ ಏನಂದ್ಳು?” ಎಂದು ಅವ್ವ ಕೇಳಿದಳು.

“ನಾ ಠರಾಯಿಸೇನಿ ಅಂದ್ನೆಲ್ಲ.”

ಅತ್ತೆ ಕಲ್ಮೇಶನಿಗೆ ಫೋನ್ ಹಚ್ಚಿದಳು. ನೀನು ನೀರು ಕುಡಿಯಲು ಒಳಗೆ ಹೋದವಳು ಬಹಳ ಹೊತ್ತು ಹೊರಗೆ ಬರಲಿಲ್ಲ.

ನೀನು ಹಿಡಿದದ್ದು ಎಷ್ಟು ಬೆರಳು ಅಕ್ಕಾ? ನನಗೆ ಒಂದೇ ಮಾತು ತಲೆಯಿಂದ ಹೋಗುತ್ತಿಲ್ಲ. ನೀನು ಪುಣೆ ಎಂದಿದ್ದರೆ ಅಪ್ಪ ‘ಮಗಳು ಪುಣೆ ಅಂದಳು’ ಎನ್ನುತ್ತಿದ್ದ. ಮಗಳು ಒಪ್ಪಿದ ಮೇಲೆ ಯಾವ ತಂದೆ ತಾನೇ ನಿರ್ಧಾರ ಮಾಡಿದವನ ಹಾಗೆ ‘ನಾ ಠರಾಯಿಸೇನಿ’ ಎನ್ನುತ್ತಾನೆ? ಅವ್ವನಿಗೂ ಹೀಗೇ ಅನಿಸಿದೆ. ಅವಳು ಅಪ್ಪನ ಜೊತೆ ಮಾತು ಬಿಟ್ಟಿದ್ದಾಳೆ.

ಬೇಗ ಬರೆ.

ದುಂಡೇಶ


ಧಾರವಾಡ
೧೨ ಏಪ್ರಿಲ್ ೨೦೨೫

ದುಂಡೇಶಾ,

ಟಾವೆಲ್ಲಿನ ಕೆಳಗಿನದು ಅಪ್ಪನಿಗೂ ನನಗೂ ಸೇರಿದ್ದು. ಕೇಳಬೇಡ. ಅಪ್ಪ ತಪ್ಪೇನೂ ಮಾಡಿಲ್ಲ ಎಂದು ಅವ್ವನಿಗೆ ಹೇಳು.

ಚೆನ್ನೈಗೆ ಹೋಗುತ್ತಿಲ್ಲ ಎಂದು ಮೇಡಂಗೆ ತಿಳಿಸಿದೆ. ‘ಅಪ್ಪ ಒಪ್ಪಲಿಲ್ಲ’ ಎಂದೆ. ಅವರು ಪಾಠ ನಿಲ್ಲಿಸಿ ಕಿಟಕಿಯ ಹತ್ತಿರ ಹೋಗಿ ನಿಂತರು. ಅವರಿಗೆ ಇನ್ನೂ ಆಸೆ ಇದೆ. ನಾನಾಗಿ ಬೇಡ ಎಂದು ಬರೆಯುವ ತನಕ ಚೆನ್ನೈಯವರು ಸೀಟು ಬಿಡುವುದಿಲ್ಲ, ಕೊನೆಯ ದಿನದವರೆಗೂ ಬರೆಯಬೇಡ ಎಂದರು.

ಪರೀಕ್ಷೆ ಹತ್ತಿರ ಬಂತು. ಹೆಚ್ಚು ಬರೆಯಲಾರೆ.

ವಂದನಾ


ಮುಧೋಳ
೨೮ ಏಪ್ರಿಲ್ ೨೦೨೫

ಅಕ್ಕಾ,

ನೀನೇ ಬರೆದಿದ್ದೀಯ: ‘ಅಪ್ಪ ಒಪ್ಪಲಿಲ್ಲ.’ ಅದನ್ನು ಓದಿದ ಮೇಲೆ ನನಗೆ ಬೇರೆ ಸಾಕ್ಷಿ ಬೇಕಾಗಲಿಲ್ಲ. ಅಪ್ಪನನ್ನು ಕೇಳಿದೆ, “ಅಕ್ಕ ಎರಡ ಬೆರಳ ಹಿಡದಿದ್ಲು, ಹೌದಿಲ್ಲೋ?” ಅಪ್ಪ ತಲೆ ಎತ್ತಲಿಲ್ಲ. “ಅದು ನಿಂದಲ್ಲ” ಎಂದ. ಮರುದಿನ ಮತ್ತೆ ಕೇಳಿದೆ. ಅದೇ ಉತ್ತರ. ಇಲ್ಲ ಎನ್ನಬಹುದಿತ್ತು. ಎನ್ನಲಿಲ್ಲ.

ಇನ್ನು ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಸಂತೆಯಲ್ಲಿ ಕಾಮಣ್ಣ ಕಾಕಾ ಖಿಲಾರಿ ಎತ್ತಿನ ಜೋಡಿ ತಂದಿದ್ದ. ಅಪ್ಪ ಅವನ ಕೈಯ ಮೇಲೆ ಟಾವೆಲ್ ಹಾಕಿದ. ಕೊಳ್ಳಲು ಬಂದವ ಹೊಸಬ, ಇದೇನು ಗುಟ್ಟು ಎಂದು ಅನುಮಾನ ಮಾಡಿದ. ಕಾಮಣ್ಣ ಕಾಕಾ ಅವನಿಗೆ ದೊಡ್ಡ ದನಿಯಲ್ಲಿ ಹೇಳಿದ, “ಲಗಮಪ್ಪನ ಟಾವೆ‌ಲ್‌ನ್ಯಾಗ ಆಡಿದ ಮಾತು ಒಂದ ಕೂದಲಷ್ಟೂ ಆಚೀಚೆ ಆಗೂದಿಲ್ಲ. ನಿಶ್ಚಿಂತಿ ಕೈ ಕೊಡು.”

ನನಗೆ ತಡೆಯಲಾಗಲಿಲ್ಲ. “ಆಚೀಚೆ ಆಗ್ತೈತಿ ಕಾಕಾ. ನಮ್ಮ ಮನ್ಯಾಗ ಆಗೇತಿ. ನಮ್ಮ ಅಕ್ಕ ಒಳಗ ಮದ್ರಾಸ ಅಂದ್ಲು, ನಮ್ಮಪ್ಪ ಹೊರಗ ಪುಣೆ ಅಂದ” ಎಂದೆ.

ಗದ್ದಲವೆಲ್ಲ ನಿಂತಿತು. ಕಾಮಣ್ಣ ಕಾಕಾ ಟಾವೆಲ್ಲಿನ ಕೆಳಗಿನಿಂದ ಕೈ ಎಳೆದುಕೊಂಡ.

“ಮಗ ಅನ್ನೂದು ಖರೇ ಏನ ಲಗಮಪ್ಪಾ?”

“ನಿನ್ನ ಎತ್ತಿನ ಮಾತಾಡು.”

“ಅಲ್ಲಪಾ, ಖರೇ ಏನ ಅಂತ ಕೇಳಿದೆ.”

“ಎತ್ತಿನ ಮಾತಿದ್ರ ಆಡು. ಇಲ್ಲಂದ್ರ ಬಿಡು.”

ಹಿಂದಿನಿಂದ ಒಬ್ಬ ಅಂದ, “ದುಂಡ್ಯಾ ಸುಳ್ಳ ಹೇಳಾಂವಲ್ಲ. ಅವನ ಬಾಯಿ ಸಲವಾಗಿ ನಾ ಹೋದ ಸಂತ್ಯಾಗ ಗಿರಾಕಿ ಕಳಕೊಂಡೇನಿ.” ಯಾರೂ ನಗಲಿಲ್ಲ. ಕಾಮಣ್ಣ ಕಾಕಾ ಎತ್ತು ಬಿಚ್ಚಿಕೊಂಡು ಬೇರೆ ದಲ್ಲಾಳಿಯ ಕಡೆ ಹೋದ. ನನ್ನ ಮಾತಿಗೆ ಸಂತೆಯಲ್ಲಿ ಇಷ್ಟು ಬೆಲೆ ಇದೆ ಎಂದು ನನಗೆ ಅಂದೇ ತಿಳಿದದ್ದು.

ಮುಂದಿನ ಸಂತೆಗೆ ಅಪ್ಪ ಒಬ್ಬನೇ ಹೋದ. ಯಾವ ವ್ಯಾಪಾರವನ್ನೂ ಮಾಡಿಸದೆ ಮಧ್ಯಾಹ್ನವೇ ತಿರುಗಿ ಬಂದ. ನನ್ನನ್ನು ಬೈಯಲಿಲ್ಲ, ಹೊಡೆಯಲಿಲ್ಲ. ಬೈದಿದ್ದರೆ ನಾನೂ ನಾಲ್ಕು ಮಾತು ಆಡುತ್ತಿದ್ದೆ.

ನಾನು ಹೇಳಿದ್ದು ಖರೆ. ಆದರೂ ಎರಡು ದಿನದಿಂದ ಅಪ್ಪನ ಎದುರಿಗೆ ಕೂತು ಉಣ್ಣಲಾಗುತ್ತಿಲ್ಲ. ಯಾಕೆಂದು ನಿನಗೆ ಗೊತ್ತಿದ್ದರೆ ಬರೆ.

ದುಂಡೇಶ


ಧಾರವಾಡ
೫ ಮೇ ೨೦೨೫

ದುಂಡ್ಯಾ,

ನಾನು ಹಿಡಿದದ್ದು ಒಂದೇ ಬೆರಳು.

ಇದನ್ನು ಬರೆದು, ಕಾಗದ ಹರಿದು, ಮತ್ತೆ ಬರೆಯುತ್ತಿದ್ದೇನೆ. ನಿನ್ನ ಮೇಲೆ ಎಷ್ಟು ಸಿಟ್ಟು ಬಂದಿದೆ ಎಂದರೆ ಎದುರಿಗಿದ್ದರೆ ಕಪಾಳಕ್ಕೆ ಕೊಡುತ್ತಿದ್ದೆ. ಆಮೇಲೆ ಆ ಕೈಯನ್ನು ನನ್ನ ಕಪಾಳಕ್ಕೂ ತರಬೇಕಾಗುತ್ತಿತ್ತು.

ನನಗೆ ಪುಣೆಯೇ ಬೇಕಾಗಿತ್ತು. ಚೆನ್ನೈಗೆ ಹೆದರಿ ಅಲ್ಲ. ಅಲ್ಲಿಯ ಗಣಿತವನ್ನು ನಾನು ಮಾಡಬಲ್ಲೆ. ಆದರೆ ಪ್ರಮೇಯ ಸಾಧಿಸಿ ಮುಗಿಸಿದಾಗ ನನಗೆ ಅನಿಸುವುದು ಒಂದೇ: ಆಯಿತು, ಇನ್ನು? ಅದೇ ಪೇಟೆಯ ದರ ಏಳುವುದನ್ನು ಬೀಳುವುದನ್ನು ನೋಡುತ್ತಾ ಕೂತರೆ ಊಟ ಮರೆತುಹೋಗುತ್ತದೆ. ಯಾರೋ ಹೆದರಿ ಮಾರುತ್ತಾರೆ, ಯಾರೋ ಆಸೆಗೆ ಬಿದ್ದು ಕೊಳ್ಳುತ್ತಾರೆ. ಆ ನೂಕುನುಗ್ಗಲಿನ ನಡುವೆ ತಲೆ ಕೆಡಿಸಿಕೊಳ್ಳದೆ ನಿಲ್ಲುವ ಕೆಲಸ ನನಗೆ ಬೇಕು.

ಇದನ್ನು ಇಲ್ಲಿ ಹೇಳಲು ನಾಚಿಕೆಯಾಯಿತು. ಮೇಡಂ ಕಣ್ಣಿನಲ್ಲಿ ಚೆನ್ನೈ ಎಂದರೆ ವಿದ್ಯೆ, ಪುಣೆ ಎಂದರೆ ವ್ಯಾಪಾರ. ನನಗೆ ಪುಣೆಯ ಸೀಟು ಬಂದ ದಿನ ಹಾಸ್ಟೆಲಿನಲ್ಲಿ ಒಬ್ಬಳು ನಕ್ಕು ಅಂದಳು, “ದಲ್ಲಾಳಿ ಮಗಳು ದಲ್ಲಾಳಿ ಕೆಲಸಾನ ಕಲೀತಾಳ ಬಿಡ.” ಎಲ್ಲರೂ ನಕ್ಕರು. ನಾನೂ ನಕ್ಕೆ. ಅಂದಿನಿಂದ ಚೆನ್ನೈ, ಚೆನ್ನೈ ಎಂದೇ ಹೇಳುತ್ತ ಬಂದೆ.

ಯುಗಾದಿಯ ದಿನ ಅಪ್ಪನ ಹೆಗಲಿಗೆ ತಲೆ ಆನಿಸಿದ್ದು ಅಳುವುದಕ್ಕಲ್ಲ. ಕಿವಿಯಲ್ಲಿ ಒಂದು ಮಾತು ಹೇಳಿದೆ: “ನೀನ ಠರಾಯಿಸಿದಂಗ ಹೇಳಪಾ.” ಅಪ್ಪ ಯಾಕೆಂದು ಕೇಳಲಿಲ್ಲ. ಮೇಡಂ, ಗೆಳತಿಯರು, ಯಾರು ಕೇಳಿದರೂ ‘ಅಪ್ಪ ಒಪ್ಪಲಿಲ್ಲ’ ಎಂದರೆ ಮುಗಿಯಿತು ಎಂದುಕೊಂಡೆ. ಅಪ್ಪನಿಗೆ ಇದರಿಂದ ಏನಾಗುತ್ತದೆ ಎಂದು ಯೋಚಿಸಲಿಲ್ಲ. ತಂದೆಯೊಬ್ಬ ಮಗಳ ಮಾತಿಗೆ ಒಪ್ಪದಿರುವುದು ಯಾವ ದೊಡ್ಡ ಸುದ್ದಿ, ಎಂದುಕೊಂಡೆ.

ಸಂತೆಗೆ ಹೋಗು. ಎಲ್ಲರಿಗೂ ಹೇಳು. ‘ನನ್ನ ಅಕ್ಕ ಹಿಡಿದದ್ದು ಒಂದೇ ಬೆರಳು, ಅಪ್ಪ ಸುಳ್ಳು ಹೇಳಿಲ್ಲ’ ಎಂದು ಹೇಳು. ನನ್ನ ಒಪ್ಪಿಗೆ ಇದೆ.

ವಂದನಾ


ಮುಧೋಳ
೧೪ ಮೇ ೨೦೨೫

ಅಕ್ಕಾ,

ನಿನ್ನ ಪತ್ರ ಅಪ್ಪನ ಕೈಯಲ್ಲಿ ಕೊಟ್ಟೆ. ಓದಿದ. ಮಡಚಿ ನನಗೇ ತಿರುಗಿ ಕೊಟ್ಟ.

“ಸಂತಿಗೆ ಹೋಗಿ ಹೇಳ್ತೇನಿ” ಎಂದೆ.

“ಏನ ಹೇಳ್ತಿ?”

“ಅಕ್ಕ ಒಂದ ಬೆರಳ ಹಿಡದಿದ್ಲು ಅಂತ.”

“ಹೇಳೂಹಂಗಿಲ್ಲ.”

“ಆಕಿನ ಬರದಾಳಲ್ಲ, ಹೇಳು ಅಂತ!”

“ಆಕಿ ಹೇಳಬಹುದು. ಆಕಿ ಕೈ ಆಕಿದು. ನೀ ಹೇಳಿದ್ರ ಮಂದಿ ಏನ ತಿಳೀತಾರ? ಲಗಮಪ್ಪ ತನ್ನ ಮಾನ ಹೋಗೂ ಪ್ರಸಂಗ ಬಂದಾಗ ಒಳಗಿನ ಮಾತು ಮಗನ ಕೈಲೆ ಹೊರಗ ಹಾಕಿಸಿದ ಅಂತಾರ. ನಾಳೆ ನಮ್ಮ ಮಾತೂ ಹಂಗ ಹೊರಗ ಬರ್ತೈತಿ ಅಂತಾರ. ಅಲ್ಲಿಗೆ ಮುಗೀತು ನನ್ನ ಧಂದೆ.”

“ಈಗೇನ ಉಳದೈತಿ?” ಎಂದೆ. ಅನ್ನಬಾರದಿತ್ತು.

ಅಪ್ಪ ಟಾವೆಲ್ ಮಡಚಿ ಮಗ್ಗುಲಿಗಿಟ್ಟ. ಆಮೇಲೆ, “ಕಾಗದ ತಗೋ. ನಾ ಹೇಳಿದಂಗ ಬರಿ” ಎಂದ. ಅವನ ಮಾತನ್ನು ಇದ್ದ ಹಾಗೆ ಇಡುತ್ತೇನೆ:

“ವಂದೂ, ಸಂತ್ಯಾಗ ಬೆರಳ ಹಿಡದ ಕೂಡಲೆ ವ್ಯಾಪಾರ ಮುಗಿಯೂದಿಲ್ಲ. ಮಾರಾಂವ ತನ್ನ ಕೈಯಾರೆ ಎತ್ತಿನ ಹಗ್ಗ ಕೊಂಡಾಂವನ ಕೈಯಾಗ ಕೊಡಬೇಕು. ಅಲ್ಲೀತನಾ ಯಾರ ಬೇಕಾದ್ರೂ ಒಲ್ಲೆ ಅನಬಹುದು. ಯಾರೂ ಏನೂ ಅನ್ನೂದಿಲ್ಲ. ಬ್ಯಾಂಕಿನ ಸಾಲದ ಕಾಗದಕ್ಕ ನಾ ಇನ್ನಾ ಸಹಿ ಮಾಡಿಲ್ಲ. ಪುಣೇದೂ ಇಲ್ಲ, ಮದ್ರಾಸದೂ ಇಲ್ಲ. ನಂದಾ ದಿನಾ ಕೇಳ್ತಾಳ, ನಾ ಚಷ್ಮಾ ಇಲ್ಲ ಅಂತ ಹೇಳಿ ದಿನಾ ದಾಟಸಾಕತ್ತೇನಿ. ನಿನಗ ಖರೇ ಏನ ಬೇಕಾಗೇತಿ ಅದನ್ನ ಹೇಳು. ನಾಚಿಕಿಗೆ ಹೇಳಬ್ಯಾಡ, ನನ್ನ ಸಲವಾಗಿ ಹೇಳಬ್ಯಾಡ. ನನ್ನ ಧಂದೆ ನಾ ನೋಡಕೋತೇನಿ.”

ಇಷ್ಟೇ. ಆ ದಿನ ನಿನ್ನ ಕೈ ಹೇಗಿತ್ತು, ನೀನು ಏನಂದೆ, ಅದರ ಬಗ್ಗೆ ಒಂದು ಅಕ್ಷರ ಆಡಲಿಲ್ಲ. ಪತ್ರ ಓದಿದ ಇಬ್ಬರೂ ಎದುರುಬದುರು ಕೂತಿದ್ದೆವು. ಆದರೂ ಆಡಲಿಲ್ಲ.

ತಿಂಗಳು ಮುಗಿಯಲು ಬಹಳ ದಿನ ಉಳಿದಿಲ್ಲ ಅಕ್ಕಾ.

ದುಂಡೇಶ


ಧಾರವಾಡ
೨೪ ಮೇ ೨೦೨೫

ದುಂಡೇಶಾ,

ಅಪ್ಪನಿಗೆ ಓದಿ ಹೇಳು. ಪುಣೆ. ಈ ಸಲ ಬಾಯಿಂದ ಹೇಳುತ್ತಿದ್ದೇನೆ. ಚೆನ್ನೈಯವರಿಗೆ ಇವತ್ತು ಬೆಳಿಗ್ಗೆ ಬೇಡ ಎಂದು ಬರೆದು ಕಳಿಸಿದೆ. ಇನ್ನು ಆ ಬಾಗಿಲು ಇಲ್ಲ.

ಮೊದಲು ಮೇಡಂ ಮನೆಗೆ ಹೋದೆ. ಎಲ್ಲ ಹೇಳಿದೆ, ನಾಚಿಕೆಯ ಮಾತನ್ನೂ ಹೇಳಿದೆ. ಅವರು ಓದುತ್ತಿದ್ದ ಪುಸ್ತಕ ಮುಚ್ಚಿಟ್ಟರು. ಆಮೇಲೆ, “ಹಾಗಾದರೆ ನಿಮ್ಮ ತಂದೆಯನ್ನು ನಾನು ಇಷ್ಟು ದಿನ ಬೈದದ್ದೆಲ್ಲ ಸುಮ್ಮನೆಯೇ?” ಎಂದರು. ಚಹಾ ಕೊಟ್ಟರು. ಗೇಟಿನ ತನಕ ಬಂದರು, ಆದರೆ ಯಾವಾಗಲೂ ಬರುವ ಹಾಗೆ ರಸ್ತೆಯ ತನಕ ಬರಲಿಲ್ಲ.

ಅವ್ವನಿಗೆ ಫೋನ್ ಮಾಡಿದೆ. ಪುಣೆ ನನ್ನದೇ ಆಯ್ಕೆ, ಮೊದಲಿನಿಂದಲೂ ನನ್ನದೇ ಎಂದೆ. ಅವ್ವ ಏನಂದಳು ಗೊತ್ತೇ? “ಆತು ಬಿಡ ಯವ್ವಾ. ನಿಮ್ಮಪ್ಪನ ಮಾನ ಉಳಸಾಕ ಎಷ್ಟರ ಹೇಳ್ತಿ.” ಎಷ್ಟು ಹೇಳಿದರೂ ನಂಬಲಿಲ್ಲ. ನಾನು ಒಮ್ಮೆ ಅಪ್ಪನ ಹಿಂದೆ ಅಡಗಿದೆ, ಈಗ ಎದುರಿಗೆ ಬಂದು ನಿಂತರೂ ಜನ ಅಪ್ಪನನ್ನೇ ನೋಡುತ್ತಾರೆ.

ಇನ್ನೊಂದು ಮಾತಿದೆ. ಪುಣೆ ಎಂದರೆ ಅತ್ತೆಯ ಮನೆ ಎಂದು ಎಲ್ಲರೂ ಸೇರಿಸಿಕೊಂಡಿದ್ದಾರೆ. ನಾನು ಸೇರಿಸಿಕೊಂಡಿಲ್ಲ. ಹಾಸ್ಟೆಲಿಗೆ ಅರ್ಜಿ ಹಾಕಿದ್ದೇನೆ. ಅತ್ತೆಯ ಮನೆಯಲ್ಲಿ ಒಂದು ವರ್ಷ ಉಂಡರೆ ಆಮೇಲೆ ಕಲ್ಮೇಶನನ್ನು ಒಲ್ಲೆ ಎನ್ನಲು ನನಗೆ ಬಾಯಿ ಉಳಿಯುವುದಿಲ್ಲ. ಪರೀಕ್ಷೆ ಮುಗಿಸಿ ಬಂದು ಅತ್ತೆಗೆ ನಾನೇ ಹೇಳುತ್ತೇನೆ. ಅಪ್ಪನಿಗೆ ತಿಳಿಸು: ಈ ಸಲ ನನ್ನ ಪರವಾಗಿ ಒಂದು ಮಾತೂ ಆಡಬಾರದು. ನೀನೂ ಆಡಬಾರದು.

ಇದನ್ನು ಈಗಲೇ ಅಂಚೆಗೆ ಹಾಕಿ ಬರುತ್ತೇನೆ.

ವಂದನಾ


ಮುಧೋಳ
೩ ಜುಲೈ ೨೦೨೫

ಅಕ್ಕಾ,

ಪುಣೆಯ ಹಾಸ್ಟೆಲಿನ ವಿಳಾಸ ಸರಿಯಾಗಿ ಬರೆದಿದ್ದೇನೆ ಎಂದುಕೊಳ್ಳುತ್ತೇನೆ. ಅಲ್ಲಿ ಮಳೆಯಂತೆ. ಇಲ್ಲಿ ಬರೀ ಮೋಡ.

ಪುಣೆಗೆ ಹೊರಡುವ ಹಿಂದಿನ ದಿನ ನೀನು ಅತ್ತೆಗೆ ಹೇಳಬೇಕಾದ್ದನ್ನು ಹೇಳಿ ಚೀಲ ತುಂಬಲು ಒಳಗೆ ಹೋದೆ. ನಂತರದ್ದನ್ನು ನೀನು ನೋಡಿಲ್ಲ. ಅತ್ತೆ ಎದ್ದು ನಿಂತಳು, ಕೂತಳು, ಮತ್ತೆ ಎದ್ದಳು. ನಿನ್ನನ್ನು ಕರೆದುಕೊಂಡು ಹೋಗಲೆಂದೇ ಬಂದವಳು ಅವಳು.

“ನಮ್ಮ ಮನಿ ಇದ್ದೂ ಹಾಸ್ಟೆಲಿನ್ಯಾಗ ಇರ್ತಾಳಂತ! ಮಂದಿ ಏನಂದಾರು? ಅಣ್ಣಾ, ನೀ ಹೇಳು ಆಕಿಗೆ. ಹೋದ ಸಲ ನೀನ ಠರಾಯಿಸಿದಿ. ಈಗೂ ಠರಾಯಿಸು.”

“ಹೋದ ಸಲಾನೂ ನಾ…” ಎಂದು ಅಪ್ಪ ಬಾಯಿ ತೆಗೆದ. ತೆಗೆದವನು ಅಲ್ಲಿಗೇ ನಿಲ್ಲಿಸಿದ. ಟಾವೆಲ್ಲಿನಿಂದ ಮುಖ ಒರೆಸಿಕೊಂಡು, “ಆಕಿ ಹೇಳ್ಯಾಳಲ್ಲ ನಂದಾ. ನನ್ನ ಯಾಕ ಕೇಳ್ತಿ?” ಎಂದ.

ಅವ್ವ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಕೈಯಲ್ಲಿ ಹಿಟ್ಟು ಮೆತ್ತಿತ್ತು. ಅಪ್ಪನನ್ನೇ ನೋಡುತ್ತ ನಿಂತಳು. ಅತ್ತೆ ಅದೇ ಸಂಜೆಯ ಬಸ್ಸಿಗೆ ಹೋದದ್ದು, ನೀನು ಮರುದಿನ ಬೇರೆ ಬಸ್ಸಿಗೆ ಹೋದದ್ದು ನಿನಗೆ ಗೊತ್ತೇ ಇದೆ. ಅತ್ತೆ ಇನ್ನೂ ಫೋನ್ ಮಾಡಿಲ್ಲ. ಮಾಡುತ್ತಾಳೆ ಎಂದು ಬರೆಯಲು ನನಗೆ ಧೈರ್ಯವಿಲ್ಲ.

ಇವತ್ತು ಸಂತೆಗೆ ಹೋಗಿದ್ದೆ. ಅಪ್ಪ ಬೇಡ ಎನ್ನಲಿಲ್ಲ, ಬಾ ಎಂದೂ ಕರೆಯಲಿಲ್ಲ. ಜನ ಸೇರುವ ಹೊತ್ತಿಗೆ ನಾನು ಕಾಮಣ್ಣ ಕಾಕಾನ ಎದುರಿಗೆ ಹೋಗಿ ನಿಂತು, ಎಲ್ಲರಿಗೂ ಕೇಳುವ ಹಾಗೆ ಹೇಳಿದೆ.

“ಆವತ್ತ ನಾ ಹೇಳಿದ್ದು ಸುಳ್ಳು. ಟಾವೆಲ್ ಕೆಳಗ ಏನಾತಂತ ನನಗ ಗೊತ್ತಿರಲಿಲ್ಲ. ಗೊತ್ತೈತಿ ಅಂತ ಹೇಳಿದೆ.”

“ಹಂಗಾದ್ರ ಒಳಗ ಏನಾಗಿತ್ತಲೇ? ಈಗರ ಹೇಳು.”

ಅಕ್ಕಾ, ಬಾಯಿಯ ತುದಿಗೆ ಬಂದಿತ್ತು. ಒಂದೇ ಮಾತು ಆಡಿದ್ದರೆ ಅಪ್ಪ ಅಲ್ಲೇ ಗೆಲ್ಲುತ್ತಿದ್ದ. ಅಪ್ಪ ದೂರದಲ್ಲಿ ಒಂದು ಹೋರಿಯ ಹಲ್ಲು ನೋಡುತ್ತಿದ್ದ, ನೋಡಿ ಮುಗಿದ ಮೇಲೂ ನೋಡುತ್ತಲೇ ಇದ್ದ.

“ಹೋದ ವರ್ಷ ನಮ್ಮಪ್ಪನ ಟಾವೆಲ್ ಕೆಳಗ ನೀವು ಕರಿ ಎತ್ತ ಎಷ್ಟಕ್ಕ ಕೊಟ್ರಿ ಕಾಕಾ? ಮೊದಲ ಅದನ್ನ ಒದರ್ರಿ. ಆಮ್ಯಾಲ ನಾ ಒದರತೇನಿ.”

ಸುತ್ತಲಿನವರು ಹೋ ಎಂದು ನಕ್ಕರು. ಕಾಮಣ್ಣ ಕಾಕಾ ತಂಬಾಕು ಉಗುಳಿ, “ಸಾಲಿ ಬಿಟ್ಟಾಂವಗ ಬುದ್ಧಿ ಬಂತಲ್ಲಪಾ” ಎಂದ. ಆದರೆ ಎತ್ತು ಹೊಡೆದುಕೊಂಡು ಹೋದದ್ದು ಬೇರೆ ದಲ್ಲಾಳಿಯ ಕಡೆಗೇ. ಎಲ್ಲರೂ ನಂಬಿದರು ಎಂದು ಬರೆದರೆ ಸುಳ್ಳಾಗುತ್ತದೆ. ಕೆಲವರು, ಮನೆಯಲ್ಲಿ ಹೊಡೆದು ಹೇಳಿಸಿದ್ದಾರೆ ಎಂದರು. ಬೀಳಗಿಯ ಒಬ್ಬ ಮುದುಕ ಮಾತ್ರ ಏನೂ ಅನ್ನದೆ ಹೋಗಿ ಅಪ್ಪನ ಎದುರಿಗೆ ಕೈ ಚಾಚಿದ. ಅಪ್ಪ ಟಾವೆಲ್ ಹಾಕಿದ.

ಸುದ್ದಿ ನಮಗಿಂತ ಮುಂಚೆ ಮನೆಗೆ ಬಂದಿತ್ತು. ಅಪ್ಪ ಕೈಕಾಲು ತೊಳೆಯಲು ಹಿತ್ತಲಿಗೆ ಹೋದಾಗ ಅವ್ವ ನನ್ನನ್ನು ಒಲೆಯ ಹತ್ತಿರ ಕರೆದಳು.

“ಆಕಿಗೆ ಪುಣೇನ ಬೇಕಿತ್ತಂತ ನಿನಗ ಗೊತ್ತಿತ್ತೇನ್ಲೇ?”

“ಹೂಂ. ನಿನ್ನಕಿಂತ ಮೊದಲ ಗೊತ್ತಾತು.”

“ಆಕಿ ಬಾಯಿಂದ ಹೇಳಿದ್ರೂ ನಾ ನಂಬಲಿಲ್ಲ. ನಂದಾನ ಮುಂದ ‘ಹೋದ ಸಲಾನೂ ನಾ’ ಅಂದ ನಿಮ್ಮಪ್ಪ ಬಾಯಿ ಮುಚ್ಚಿದಾಗ ತಿಳೀತು. ಇಷ್ಟ ದಿನಾ ಅವರ ಕೂಡ ಮಾತ ಬಿಟ್ಟ ಕುಂತೆ. ನೀನರ ಒಂದ ಮಾತ ಹೇಳಬಾರದಿತ್ತೇನೋ? ಊರಿಗೆಲ್ಲಾ ಎಲ್ಲಾ ಹೇಳ್ತಿ.”

“ನಂದಲ್ಲಬೇ ಅದು.”

ಅವ್ವ ಬೈಯಲಿಲ್ಲ. ಎರಡು ತಾಟು ಇಟ್ಟಳು, ಒಂದು ಅಪ್ಪನಿಗೆ, ಒಂದು ತನಗೆ. ಅಪ್ಪ ಬಂದು ಕೂತ. ನಾನು ನನ್ನ ರೊಟ್ಟಿ ತೆಗೆದುಕೊಂಡು ಹೊರಗೆ ಕಟ್ಟೆಗೆ ಬಂದೆ. ಒಳಗೆ ಅವರು ಮಾತಾಡುತ್ತಿದ್ದಾರೆ. ಏನೆಂದು ನನಗೆ ಕೇಳಿಸುತ್ತಿಲ್ಲ, ಕೇಳಿಸಿಕೊಳ್ಳಲು ಹೋಗಿಯೂ ಇಲ್ಲ.

ದುಂಡೇಶ